ಡೋಪಮೈನ್ ಡಿ2 ರಿಸೆಪ್ಟರ್‌ನ ಜೀನ್: ಸಿಕ್ಕಿದ್ದು ಹೇಗೆ, ವಿಳಾಸ ಗೊತ್ತಾಗಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಾ ಬಂದವನು ನಾನು. ಜೀನ್, ಮಿದುಳು ಅಂತ ಎಲ್ಲಾದರೂ ಮಾತು ಎತ್ತಿದರೆ ಸಾಕು, ಒಂದಷ್ಟು ಪ್ರಶ್ನೆ ತಪ್ಪದೇ ಬರುತ್ತವೆ. ಕ್ಲಾಸಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ. ಅವನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಉದಾಹರಣೆಗೆ ಒಂದೇ ಜೀನ್ ಹಿಡಿದುಕೊಂಡಿದ್ದೇನೆ: ಡಿಆರ್‌ಡಿ2, ಅಂದರೆ ಡೋಪಮೈನ್ ಡಿ2 ರಿಸೆಪ್ಟರ್ ಅನ್ನುವ ಪ್ರೋಟೀನ್ ಮಾಡುವ ಜೀನ್. ಹೆಸರು ಬಸ್ ರೂಟ್ ನಂಬರ್ ಥರ ಇದೆ, ಆದರೆ ಕಥೆ ಚೆನ್ನಾಗಿದೆ.

## ಮೊದಲು ಅಡಿಪಾಯ

ರಿಸೆಪ್ಟರ್ ಅಂದ್ರೆ ಬೀಗ, ಡೋಪಮೈನ್ ಅಂದ್ರೆ ಕೀಲಿಕೈ. ಅಷ್ಟೇ ಅಲ್ವಾ ಸಾರ್?

ಪರೀಕ್ಷೆಗೆ ಅಷ್ಟು ಸಾಕು. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ಬೀಗ ತೆಗೆದರೆ ಯಾರೋ ಒಳಗೆ ಹೋಗಬೇಕು. ಇಲ್ಲಿ ಡೋಪಮೈನ್ ಒಳಗೆ ಹೋಗುವುದೇ ಇಲ್ಲ. ಕಾಲಿಂಗ್ ಬೆಲ್ ಅಂದುಕೊಳ್ಳಿ. ಒತ್ತಿದವರು ಹೊರಗೇ ನಿಂತಿರುತ್ತಾರೆ, ಸದ್ದು ಒಳಗೆ ಆಗುತ್ತದೆ.

ಒಂದು ನರಕೋಶದ ತುದಿಯಿಂದ ಡೋಪಮೈನ್ ಹೊರಬರುತ್ತದೆ. ನಡುವಿನ ಸಣ್ಣ ಸಂದು ದಾಟಿ ಪಕ್ಕದ ಕೋಶದ ಮೇಲಿರುವ ಪ್ರೋಟೀನ್‌ಗೆ ಅಂಟುತ್ತದೆ. ಆ ಪ್ರೋಟೀನೇ ರಿಸೆಪ್ಟರ್. ಅದು ಒಂದು ಉದ್ದ ದಾರ. ಕೋಶದ ಪೊರೆಯನ್ನು ಏಳು ಸಲ ಒಳಗೆ ಹೊರಗೆ ಹೊಲಿದ ಹಾಗೆ ಕೂತಿರುತ್ತದೆ. ಹೊರಗಡೆ ಡೋಪಮೈನ್ ಅಂಟಿದಾಗ ದಾರದ ಆಕಾರ ಸ್ವಲ್ಪ ಬದಲಾಗುತ್ತದೆ. ಆಗ ಒಳಗಿರುವ ಜಿ-ಪ್ರೋಟೀನ್‌ಗೆ ಸುದ್ದಿ ಮುಟ್ಟುತ್ತದೆ. ಡಿ2 ಕೊಡುವ ಸುದ್ದಿ ಹೆಚ್ಚಾಗಿ "ಸ್ವಲ್ಪ ತಗ್ಗಿಸು" ಅನ್ನುವಂಥದ್ದು. ಡಿ1 ಅನ್ನುವ ಇನ್ನೊಂದು ಡೋಪಮೈನ್ ರಿಸೆಪ್ಟರ್ ಕೊಡುವುದು ಅದಕ್ಕೆ ಉಲ್ಟಾ.

ಡೋಪಮೈನ್ ಅಂದ್ರೆ ಖುಷಿ ಕೊಡೋ ಕೆಮಿಕಲ್ ತಾನೇ?

ಮೊಬೈಲ್ ರೀಲ್ಸ್‌ನಲ್ಲಿ ಹಾಗೆ ಹೇಳುತ್ತಾರೆ. ಆದರೆ ಡೋಪಮೈನ್ ಮೊದಲು ಹೆಸರು ಮಾಡಿದ್ದು ಖುಷಿಯಿಂದಲ್ಲ, ಕೈಕಾಲಿನ ಚಲನೆಯಿಂದ.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು, ಅದು ಮಿದುಳಿನ ಡೋಪಮೈನ್ ಖಾಲಿ ಮಾಡುವ ಔಷಧಿ. ಮೊಲಗಳು ಅಲ್ಲಾಡದೆ ಕುಸಿದು ಕೂತವು. ಆಮೇಲೆ ಎಲ್-ಡೋಪಾ ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಎಲ್-ಡೋಪಾ ದೇಹದೊಳಗೆ ಡೋಪಮೈನ್ ಆಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಕೊಡುವ ಮುಖ್ಯ ಔಷಧಿ ಅದೇ. ಈ ಕೆಲಸಕ್ಕೆ ಕಾರ್ಲ್‌ಸನ್ ಅವರಿಗೆ 2000ದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇದರಲ್ಲಿ ನಮ್ಮ ಕಡೆಯ ಎರಡು ಗಿಡಗಳಿವೆ. ರೆಸರ್ಪಿನ್ ಬಂದದ್ದು ಸರ್ಪಗಂಧಿ ಬೇರಿನಿಂದ. ಎಲ್-ಡೋಪಾ ಇರುವುದು ನಸುಗುನ್ನಿ ಬೀಜದಲ್ಲಿ. ಮೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುತ್ತದಲ್ಲ, ಅದೇ ನಸುಗುನ್ನಿ.

ಜೀನ್ ಸಿಗೋಕೆ ಮುಂಚೆ ಡಿ2 ಅಂತ ಒಂದಿದೆ ಅಂತ ಗೊತ್ತಾಗಿದ್ದಾದ್ರೂ ಹೇಗೆ?

ಮಾತ್ರೆಗಳಿಂದ. ಕ್ಲೋರ್‌ಪ್ರೊಮಜಿನ್ ಅನ್ನುವ ಔಷಧಿ 1952ರಿಂದಲೇ ಮಾನಸಿಕ ಕಾಯಿಲೆಗಳಿಗೆ ಬಳಕೆಗೆ ಬಂದಿತ್ತು. ಹ್ಯಾಲೊಪೆರಿಡಾಲ್ ಬಂದದ್ದು 1958ರಲ್ಲಿ. ಕೆಲಸ ಮಾಡುತ್ತವೆ ಅಂತ ಗೊತ್ತಿತ್ತು. ಎಲ್ಲಿ ಹೋಗಿ ಕೂರುತ್ತವೆ ಅಂತ ಗೊತ್ತಿರಲಿಲ್ಲ.

1975ರಲ್ಲಿ ಟೊರಾಂಟೊದ ಫಿಲಿಪ್ ಸೀಮನ್ ತಂಡ ಹ್ಯಾಲೊಪೆರಿಡಾಲ್‌ಗೆ ವಿಕಿರಣದ ಗುರುತು ಹಾಕಿತು. ಅದು ಮಿದುಳಿನ ಚೂರಿನಲ್ಲಿ ಎಷ್ಟು ಅಂಟುತ್ತದೆ ಅಂತ ಅಳೆಯಿತು. ಮುಂದಿನ ವರ್ಷ ಇನ್ನೂ ಚಂದದ ವಿಷಯ ಹೊರಬಿತ್ತು. ಈ ಜಾಗಕ್ಕೆ ಬಿಗಿಯಾಗಿ ಅಂಟುವ ಔಷಧಿ ರೋಗಿಗೆ ಕಡಿಮೆ ಡೋಸ್ ಸಾಕು. ಸಡಿಲವಾಗಿ ಅಂಟುವುದು ಜಾಸ್ತಿ ಬೇಕು. ಔಷಧಿ ಔಷಧಿಗೂ ಈ ಲೆಕ್ಕ ಹೊಂದುತ್ತಾ ಹೋಯಿತು. 1979ರಲ್ಲಿ ಕೆಬೇಬಿಯನ್ ಮತ್ತು ಕಾಲ್ನ್ ಡೋಪಮೈನ್ ರಿಸೆಪ್ಟರ್‌ಗಳನ್ನು ಡಿ1, ಡಿ2 ಅಂತ ವಿಂಗಡಿಸಿದರು. ಆಗ ಪ್ರೋಟೀನ್ ಕಂಡವರಿಲ್ಲ, ಜೀನ್ ಕಂಡವರಿಲ್ಲ. ಹೆಸರು ಮಾತ್ರ ಇಟ್ಟಾಗಿತ್ತು.

ಜೀನ್ ಗುರುತಿಸೋದು, ಮ್ಯಾಪ್ ಮಾಡೋದು ಎರಡೂ ಒಂದೇನಾ?

ಅಲ್ಲ. ಗುರುತಿಸುವುದು ಅಂದರೆ ಆ ಪ್ರೋಟೀನ್ ಮಾಡುವ ಅಕ್ಷರಸಾಲು ಯಾವುದು ಅಂತ ಓದುವುದು. ಮ್ಯಾಪ್ ಮಾಡುವುದು ಅಂದರೆ ಆ ಸಾಲು ಯಾವ ಕ್ರೋಮೋಸೋಮ್‌ನ ಯಾವ ಜಾಗದಲ್ಲಿದೆ ಅಂತ ಪತ್ತೆ ಮಾಡುವುದು. ಒಬ್ಬರ ಪರಿಚಯವಾಗುವುದು ಬೇರೆ, ಅವರ ಮನೆ ಎಲ್ಲಿ ಅಂತ ಗೊತ್ತಾಗುವುದು ಬೇರೆ. ಕೆಲವು ಜೀನ್‌ಗಳಲ್ಲಿ ಮನೆ ಮೊದಲು ಸಿಕ್ಕಿದೆ, ಪರಿಚಯ ಆಮೇಲೆ.

## ಹುಡುಕಾಟ

ಮುನ್ನೂರು ಕೋಟಿ ಅಕ್ಷರದಲ್ಲಿ ಒಂದು ಜೀನ್ ಹುಡುಕಿದ್ದು ಹೇಗೆ? ಆಗ ಕಂಪ್ಯೂಟರ್‌ನಲ್ಲಿ ಜೀನೋಮ್ ಇರಲಿಲ್ಲವಲ್ಲ?

ಇರಲಿಲ್ಲ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ.

ಆ ಕಾಲದ ನೇರ ದಾರಿ ಹೀಗಿತ್ತು. ಪ್ರೋಟೀನನ್ನು ಶುದ್ಧ ಮಾಡು, ಅದರ ತುಣುಕಿನ ಅಮೈನೋ ಆಮ್ಲಗಳ ಕ್ರಮ ಓದು, ಅದರಿಂದ ಜೀನ್‌ನ ಅಕ್ಷರ ಊಹಿಸು. ಅಸಿಟೈಲ್‌ಕೋಲಿನ್ ರಿಸೆಪ್ಟರ್ ಸಿಕ್ಕಿದ್ದು ಹಾಗೇ, ಟಾರ್ಪಿಡೊ ಅನ್ನುವ ಕರೆಂಟ್ ಹೊಡೆಯುವ ಮೀನಿನಿಂದ. ಆ ಮೀನಿನ ವಿದ್ಯುತ್ ಅಂಗದಲ್ಲಿ ರಿಸೆಪ್ಟರ್ ರಾಶಿ ರಾಶಿ ಇರುತ್ತದೆ. ಡಿ2ಗೆ ಅಂಥ ಮೀನು ಇರಲಿಲ್ಲ. ಮಿದುಳಿನಲ್ಲಿ ಅದು ಇರುವುದೇ ಚೂರುಪಾರು, ಅದೂ ಕೊಬ್ಬಿನ ಪೊರೆಯಲ್ಲಿ ಹೂತುಕೊಂಡು. ಶುದ್ಧ ಮಾಡುವುದು ಪರಮ ಕಷ್ಟ.

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. 1986ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಜ್, ಬ್ರಯನ್ ಕೊಬಿಲ್ಕಾ ಮತ್ತು ಮರ್ಕ್ ಕಂಪನಿಯ ವಿಜ್ಞಾನಿಗಳು ಸೇರಿ ಹ್ಯಾಮ್‌ಸ್ಟರ್‌ನ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್‌ನ ಜೀನ್ ಹಿಡಿದರು. ಅಡ್ರಿನಲಿನ್ ಬಂದು ಒತ್ತುವ ಬೆಲ್ ಅದು. ಅದರ ಸಾಲು ಓದಿದಾಗ ಎಲ್ಲರಿಗೂ ಆಶ್ಚರ್ಯ. ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್‌ಗೂ ಇದಕ್ಕೂ ಹೋಲಿಕೆ ಇತ್ತು. ಎರಡರಲ್ಲೂ ಅದೇ ಏಳು ಹೊಲಿಗೆ. ಅಂದರೆ ಇದು ಒಂದು ದೊಡ್ಡ ಕುಟುಂಬ ಅಂತಾಯಿತು. ಹಾಗಾದರೆ ಡಿ2 ಕೂಡ ಇದೇ ಕುಟುಂಬದ್ದಿರಬಹುದು ಅಲ್ವಾ?

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿರುವ ವೊಲಮ್ ಸಂಸ್ಥೆಯಲ್ಲಿ ಒಲಿವಿಯೆ ಚಿವೆಲ್ಲಿ ತಂಡ ಈ ಊಹೆಯ ಬೆನ್ನು ಹತ್ತಿತು. ಹ್ಯಾಮ್‌ಸ್ಟರ್‌ನ ಬೀಟಾ-2 ಜೀನನ್ನೇ ಗಾಳದ ಹುಳು ಮಾಡಿಕೊಂಡರು. ಇದಕ್ಕೆ ಪ್ರೋಬ್ ಅನ್ನುತ್ತಾರೆ. ರ‍್ಯಾಟ್‌ನ ಡಿಎನ್‌ಎ ತುಣುಕುಗಳನ್ನು ಬ್ಯಾಕ್ಟೀರಿಯಾಕ್ಕೆ ಅಂಟುವ ವೈರಸ್‌ಗಳಲ್ಲಿ ತುಂಬಿಟ್ಟ ಸಂಗ್ರಹಕ್ಕೆ ಲೈಬ್ರರಿ ಅನ್ನುತ್ತಾರೆ. ಆ ತುಣುಕುಗಳನ್ನು ತೆಳು ಹಾಳೆಗೆ ಇಳಿಸಿಕೊಳ್ಳಬೇಕು, ಮೇಲೆ ವಿಕಿರಣದ ಗುರುತಿರುವ ಪ್ರೋಬ್ ಸುರಿಯಬೇಕು, ಅಂಟದೆ ಉಳಿದದ್ದನ್ನು ತೊಳೆಯಬೇಕು, ಎಕ್ಸ್‌ರೇ ಫಿಲ್ಮ್ ಮೇಲಿಡಬೇಕು. ಎಲ್ಲಿ ಪ್ರೋಬ್ ಅಂಟಿದೆಯೋ ಅಲ್ಲಿ ಕಪ್ಪು ಚುಕ್ಕೆ.

ಜಾಣತನ ಇದ್ದದ್ದು ತೊಳೆಯುವುದರಲ್ಲಿ. ಜಾಸ್ತಿ ಬಿಸಿಯಲ್ಲಿ, ಕಡಿಮೆ ಉಪ್ಪಿನಲ್ಲಿ ತೊಳೆದರೆ ತದ್ರೂಪಿ ಸಾಲು ಮಾತ್ರ ಅಂಟಿಕೊಂಡು ಉಳಿಯುತ್ತದೆ. ಬಿಸಿ ಇಳಿಸಿ ಉಪ್ಪು ಹೆಚ್ಚಿಸಿದರೆ ಅರೆಬರೆ ಹೋಲುವ ಸಾಲೂ ಉಳಿಯುತ್ತದೆ. ಮದುವೆ ಮನೆಯಲ್ಲಿ ಅಜ್ಜಿಯೊಬ್ಬರು ನಿಮ್ಮ ಮುಖ ನೋಡಿ, "ಮೂಗು ನೋಡಿದ್ರೆ ನೀನು ಪಟೇಲರ ಮನೆ ಕಡೆಯವನಾ?" ಅಂತ ಕೇಳುತ್ತಾರಲ್ಲ, ಹಾಗೆ. ಪೂರ್ತಿ ಮುಖ ಹೋಲಬೇಕಾಗಿಲ್ಲ, ಮೂಗು ಸಾಕು. ಹೀಗೆ ಸಿಕ್ಕ ಸಾಲು ಹಿಡಿದು ಹೋಗಿ, 415 ಅಮೈನೋ ಆಮ್ಲಗಳ ಪ್ರೋಟೀನ್ ಒಂದರ ಪೂರ್ತಿ ಸಾಲನ್ನು 1988ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು.

ಸಿಕ್ಕಿದ್ದು ಡಿ2ನೇ ಅಂತ ಖಾತ್ರಿ ಏನು? ಮೂಗು ಹೋಲಿದ ಮಾತ್ರಕ್ಕೆ ಅದೇ ಆಗುತ್ತಾ?

ಈ ಪ್ರಶ್ನೆ ಕೇಳಿದ ಹುಡುಗಿಗೆ ಅವತ್ತೇ ಶಭಾಷ್ ಅಂದಿದ್ದೆ. ಹೋಲಿಕೆ ಹೇಳುವುದು "ಇದು ಈ ಕುಟುಂಬದ್ದು" ಅಂತ ಮಾತ್ರ. ಯಾರು ಅಂತ ಹೇಳುವುದಿಲ್ಲ.

ಖಾತ್ರಿಗೆ ಎರಡು ಪರೀಕ್ಷೆ ಮಾಡಿದರು. ಒಂದು, ಆ ಜೀನನ್ನು ಡೋಪಮೈನ್ ರಿಸೆಪ್ಟರ್ ಇಲ್ಲದ ಮೌಸ್‌ನ ಕೋಶಗಳಿಗೆ ಹಾಕಿದರು. ಈಗ ಆ ಕೋಶಗಳಿಗೆ ಡಿ2 ಔಷಧಿಗಳು ಅಂಟತೊಡಗಿದವು. ಎರಡು, ಈ ಜೀನ್ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಅಂತ ನೋಡಿದರು. ಮಿದುಳಿನ ಸ್ಟ್ರೈಯೇಟಮ್, ಪಿಟ್ಯುಟರಿ ಗ್ರಂಥಿ ಹೀಗೆ ಡಿ2 ಇದೆ ಅಂತ ಮೊದಲೇ ಗೊತ್ತಿದ್ದ ಜಾಗಗಳಲ್ಲೇ ಅದೂ ಇತ್ತು.

ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1987ರಲ್ಲಿ ಡ್ಯೂಕ್ ತಂಡಕ್ಕೆ ಇದೇ ಗಾಳದಲ್ಲಿ ಮನುಷ್ಯನ ಒಂದು ಜೀನ್ ಸಿಕ್ಕಿತು. ಜಿ-21 ಅಂತ ಕರೆದರು. 5ನೇ ಕ್ರೋಮೋಸೋಮ್‌ನಲ್ಲಿದೆ ಅಂತ ಮ್ಯಾಪ್ ಕೂಡ ಮಾಡಿದರು. ಆದರೆ ಯಾವ ರಾಸಾಯನಿಕದ ರಿಸೆಪ್ಟರ್ ಅಂತಲೇ ಗೊತ್ತಿಲ್ಲ! ವಿಳಾಸ ಇದೆ, ಒಳಗಿರುವವರು ಯಾರೋ. ಮರುವರ್ಷ ಅದು ಸೆರೊಟೋನಿನ್ 1ಎ ರಿಸೆಪ್ಟರ್ ಅಂತ ತಿಳಿಯಿತು.

ಅದು ಇಲಿಯದ್ದು. ಮನುಷ್ಯನದ್ದು ಯಾವಾಗ?

ಮರುವರ್ಷವೇ, 1989ರಲ್ಲಿ. ಈ ಸಲ ಗಾಳ ರ‍್ಯಾಟ್‌ನ ಡಿ2. ಹುಡುಕಿದ ಲೈಬ್ರರಿ ಮನುಷ್ಯನ ಪಿಟ್ಯುಟರಿ ಗ್ರಂಥಿಯದ್ದು. ಡೇವಿಡ್ ಗ್ರಾಂಡಿ ಮತ್ತು ಜೊತೆಗಾರರು ಓದಿದ ಸಾಲು ರ‍್ಯಾಟ್‌ನದ್ದಕ್ಕೆ 96% ಹೋಲುತ್ತಿತ್ತು.

ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯಿತು. ಮನುಷ್ಯನದ್ದರಲ್ಲಿ ನಡುವೆ 29 ಅಮೈನೋ ಆಮ್ಲ ಜಾಸ್ತಿ ಇದ್ದವು. ಮನುಷ್ಯನ ಹೆಚ್ಚುಗಾರಿಕೆ ಅಂತ ಬೀಗಬೇಡಿ. ಒಂದೇ ಜೀನ್‌ನಿಂದ ಎರಡು ಥರದ ಪ್ರೋಟೀನ್ ಆಗುತ್ತದೆ, ಇಲಿಯಲ್ಲೂ ಹಾಗೆಯೇ. ಜೀನ್‌ನಲ್ಲಿ ಸಂದೇಶಕ್ಕೆ ಬಳಕೆಯಾಗುವ ತುಣುಕುಗಳಿಗೆ ಎಕ್ಸಾನ್ ಅನ್ನುತ್ತಾರೆ. ಮನುಷ್ಯನಲ್ಲಿ 6ನೇ ಎಕ್ಸಾನ್ ಅನ್ನು ಸೇರಿಸಿಕೊಂಡರೆ 443 ಅಮೈನೋ ಆಮ್ಲಗಳ ಉದ್ದ ರೂಪ, ಬಿಟ್ಟರೆ 414ರ ಗಿಡ್ಡ ರೂಪ. ಮೊದಲ ತಂಡದ ಕೈಗೆ ಇಲಿಯ ಗಿಡ್ಡದ್ದು ಸಿಕ್ಕಿತ್ತು, ಅಷ್ಟೇ.

## ವಿಳಾಸ

ಯಾವ ಕ್ರೋಮೋಸೋಮ್ ಅಂತ ಹೇಗೆ ಗೊತ್ತಾಯ್ತು? ಮೈಕ್ರೋಸ್ಕೋಪ್‌ನಲ್ಲಿ ಜೀನ್ ಕಾಣುತ್ತಾ?

ಜೀನ್ ಕಾಣುವುದಿಲ್ಲ. ಕ್ರೋಮೋಸೋಮ್ ಕಾಣುತ್ತದೆ. ಹಾಗಾಗಿ ಒಂದು ಉಪಾಯ ಮಾಡುತ್ತಿದ್ದರು. ನನಗಂತೂ ಇದು ಆ ಕಾಲದ ಅತಿ ಜಾಣ ಉಪಾಯ ಅನ್ನಿಸುತ್ತದೆ.

ಮನುಷ್ಯನ ಕೋಶವನ್ನೂ ಮೌಸ್ ಅಥವಾ ಹ್ಯಾಮ್‌ಸ್ಟರ್‌ನ ಕೋಶವನ್ನೂ ಬೆಸೆದು ಒಂದು ಮಾಡುತ್ತಾರೆ. ಈ ಬೆರಕೆ ಕೋಶ ಬೆಳೆಯುತ್ತಾ ಹೋದ ಹಾಗೆ ಮನುಷ್ಯನ ಕ್ರೋಮೋಸೋಮ್‌ಗಳು ಒಂದೊಂದಾಗಿ ಕಳೆದುಹೋಗುತ್ತವೆ. ಯಾವುದು ಹೋಗುತ್ತದೆ ಅನ್ನುವುದಕ್ಕೆ ನಿಯಮ ಇಲ್ಲ. ಕೊನೆಗೆ ಒಂದು ಕೋಶಸಾಲಿನಲ್ಲಿ 3, 8, 11 ಉಳಿದಿರುತ್ತವೆ, ಇನ್ನೊಂದರಲ್ಲಿ 5, 11, 20, ಮತ್ತೊಂದರಲ್ಲಿ 3, 5, 8. ಇಂಥ ಹಲವು ಸಾಲುಗಳಿಗೆ ಡಿ2 ಪ್ರೋಬ್ ಹಾಕುತ್ತಾರೆ. ಮೊದಲ ಎರಡರಲ್ಲಿ ಅಂಟಿತು, ಮೂರನೆಯದರಲ್ಲಿ ಅಂಟಲಿಲ್ಲ ಅಂದುಕೊಳ್ಳಿ. ಅಂಟಿದ ಎರಡರಲ್ಲೂ ಇರುವುದು 11 ಮಾತ್ರ. ಅಂಟದಿರುವುದರಲ್ಲಿ ಅದು ಇಲ್ಲ. ಉತ್ತರ ಸಿಕ್ಕಿತು. ಕಾಣೆಯಾದ ಡಬ್ಬಿ ಯಾರ ಮನೆಯಲ್ಲಿದೆ ಅಂತ ಅಮ್ಮಂದಿರು ಪತ್ತೆ ಮಾಡುವ ಲೆಕ್ಕವೇ ಇದು. ಈ ಅಂಕಿಗಳು ನಾನು ವಿವರಣೆಗೆ ಕಟ್ಟಿದವು, ಆದರೆ ಡಿಆರ್‌ಡಿ2 ಇರುವುದು ನಿಜವಾಗಿಯೂ 11ರಲ್ಲೇ.

11ಕ್ಯೂ22-ಕ್ಯೂ23 ಅಂತ ಬರೀತಾರಲ್ಲ, ಅದನ್ನ ಓದೋದು ಹೇಗೆ?

ಬೆಂಗಳೂರಿನ ವಿಳಾಸದ ಹಾಗೆ ಓದಿ. 11 ಅಂದರೆ ಕ್ರೋಮೋಸೋಮ್, ಅದು ಬಡಾವಣೆ. ಪ್ರತಿ ಕ್ರೋಮೋಸೋಮ್‌ಗೂ ಒಂದು ಸೊಂಟ ಇರುತ್ತದೆ. ಸೊಂಟದ ಒಂದು ಕಡೆಯ ಗಿಡ್ಡ ತೋಳು ಪಿ, ಉದ್ದ ತೋಳು ಕ್ಯೂ. ಬಣ್ಣ ಹಾಕಿದಾಗ ತೋಳಿನಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಪಟ್ಟೆಗಳಿಗೆ ಸೊಂಟದಿಂದ ಹೊರಕ್ಕೆ ನಂಬರ್. 22 ಅಂದರೆ ಇಪ್ಪತ್ತೆರಡು ಅಲ್ಲ. ಎರಡನೇ ವಲಯದ ಎರಡನೇ ಪಟ್ಟೆ, "ಎರಡು-ಎರಡು".

ಪಟ್ಟೆ ಯಾವುದು ಅಂತ ನೋಡಲು ಪ್ರೋಬ್ ಅನ್ನು ಗಾಜಿನ ಪಟ್ಟಿಯ ಮೇಲೆ ಹರಡಿದ ಕ್ರೋಮೋಸೋಮ್‌ಗಳ ಮೇಲೆಯೇ ಹಾಕಿದರು. ಅಂಟಿದ ಕಡೆ ಫೋಟೋ ಲೇಪದಲ್ಲಿ ಬೆಳ್ಳಿಯ ಕಣ ಮೂಡುತ್ತದೆ. ಅಲ್ಲಿ ಇಲ್ಲಿ ಸುಮ್ನೆ ಬಿದ್ದ ಕಣಗಳೂ ಇರುತ್ತವೆ. ಅದಕ್ಕೇ ಎಷ್ಟೋ ಕೋಶಗಳನ್ನು ನೋಡಿ, ಕಣ ಎಣಿಸಿ, ರಾಶಿ ಎಲ್ಲಿ ಬೀಳುತ್ತದೆ ಅಂತ ನೋಡಬೇಕು. ಕಣ್ಣು ನೋಯುವ ಕೆಲಸ.

ಈಗ ಅಷ್ಟು ದೂರದ ಗುರುತು ಬೇಕಾಗಿಲ್ಲ. ಮನೆ ನಂಬರೇ ಇದೆ. ಪಟ್ಟೆ 11ಕ್ಯೂ23.2. ಸುಮಾರು 13.5 ಕೋಟಿ ಅಕ್ಷರಗಳ 11ನೇ ಕ್ರೋಮೋಸೋಮ್‌ನಲ್ಲಿ 11.34 ಕೋಟಿ ಅಕ್ಷರದ ಹತ್ತಿರ. ಜೀನ್ ಹರಡಿರುವುದು ಸುಮಾರು 66,000 ಅಕ್ಷರ, 8 ಎಕ್ಸಾನ್. ಅದರಲ್ಲಿ ಉದ್ದ ರೂಪದ ಪ್ರೋಟೀನ್ ಬರೆಯಲು ಬಳಕೆಯಾಗುವುದು 1,332 ಅಕ್ಷರ ಮಾತ್ರ. ಮೊದಲ ಎಕ್ಸಾನ್‌ಗೂ ಎರಡನೆಯದಕ್ಕೂ ನಡುವೆಯೇ ಐವತ್ತು ಸಾವಿರದಷ್ಟು ಅಕ್ಷರಗಳ ಬಯಲು.

ಟ್ಯಾಕ್1 ಅಂತ ಒಂದು ಗುರುತಿನ ಹೆಸರು ಕೇಳಿದ್ದೆ. ಅದಕ್ಕೂ ಮ್ಯಾಪ್‌ಗೂ ಏನು ಸಂಬಂಧ?

ಟ್ಯಾಕ್1 ಒಂದು ಕತ್ತರಿ. ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ತೆಗೆದ ಎನ್‌ಜೈಮ್. ಡಿಎನ್‌ಎಯಲ್ಲಿ ಟಿ-ಸಿ-ಜಿ-ಎ ಅಂತ ಎಲ್ಲಿ ಬಂದರೂ ಕತ್ತರಿಸುತ್ತದೆ. ಡಿಆರ್‌ಡಿ2 ಹತ್ತಿರ ಅಂಥ ಒಂದು ಜಾಗದಲ್ಲಿ ಕೆಲವರಿಗೆ ಒಂದು ಅಕ್ಷರ ಬೇರೆ ಇರುತ್ತದೆ. ಅವರ ಡಿಎನ್‌ಎ ಅಲ್ಲಿ ತುಂಡಾಗುವುದಿಲ್ಲ, 6,600 ಅಕ್ಷರದ ತುಣುಕು ಉಳಿಯುತ್ತದೆ. ಇದು ಎ1. ಉಳಿದವರಲ್ಲಿ ತುಂಡಾಗಿ 3,700 ಅಕ್ಷರದ ತುಣುಕು ಸಿಗುತ್ತದೆ. ಇದು ಎ2.

ಉಪಯೋಗ ಏನಪ್ಪಾ ಅಂದರೆ, ಕುಟುಂಬಗಳಲ್ಲಿ ಜಾಡು ಹಿಡಿಯಬಹುದು. ಅಪ್ಪನಿಂದ ಮಗಳಿಗೆ ಎ1 ಹೋದಾಗಲೆಲ್ಲ ಪಕ್ಕದ ಇನ್ನೊಂದು ಗುರುತೂ ಜೊತೆಗೇ ಹೋಗುತ್ತಿದ್ದರೆ ಎರಡೂ ನೆರೆಮನೆ. ಆಗಾಗ ಬೇರೆಯಾಗುತ್ತಿದ್ದರೆ ದೂರ. ನೂರರಲ್ಲಿ ಒಂದು ಸಲ ಬೇರೆಯಾದರೆ ದೂರ ಒಂದು ಸೆಂಟಿಮಾರ್ಗನ್, ಅಂದಾಜು ಹತ್ತು ಲಕ್ಷ ಅಕ್ಷರ.

ಡೋಪಮೈನ್ ರಿಸೆಪ್ಟರ್ ಐದು ಇವೆಯಂತೆ. ಐದೂ ಅಕ್ಕಪಕ್ಕ ಇವೆಯಾ?

ಇಲ್ಲ, ಚೆಲ್ಲಾಪಿಲ್ಲಿ. ಡಿ1 ಇರುವುದು 5ನೇ ಕ್ರೋಮೋಸೋಮ್‌ನ ಉದ್ದ ತೋಳಲ್ಲಿ, ಡಿ3 3ನೆಯದರ ಉದ್ದ ತೋಳಲ್ಲಿ, ಡಿ5 4ನೆಯದರ ಗಿಡ್ಡ ತೋಳಲ್ಲಿ. ಡಿ4 ಮಾತ್ರ ಡಿ2 ಇರುವ 11ರಲ್ಲೇ ಇದೆ, ಆದರೆ ಎದುರು ತೋಳಿನ ತುತ್ತತುದಿಯಲ್ಲಿ.

## ಗಂಟಿನ ಪ್ರಶ್ನೆಗಳು

ಕುಡಿತದ ಜೀನ್ ಸಿಕ್ಕಿದೆ ಅಂತ ಓದಿದ್ದೆ. ನಮ್ಮ ತಂದೆ ಕುಡೀತಿದ್ರು, ನನಗೂ ಅದು ಬಂದಿರುತ್ತಾ?

ಪತ್ರಗಳಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರ ಹಿಂದೆ ಒಂದು ಮನೆಯ ನೋವಿರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

1990ರ ಏಪ್ರಿಲ್‌ನಲ್ಲಿ ಕೆನೆತ್ ಬ್ಲಮ್, ಅರ್ನೆಸ್ಟ್ ನೋಬಲ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ತೀರಿಕೊಂಡ 70 ಜನರ ಮಿದುಳಿನ ಮಾದರಿ. 35 ಕುಡಿತದ ಚಟ ಇದ್ದವರು, 35 ಇಲ್ಲದವರು. ಚಟ ಇದ್ದವರಲ್ಲಿ 69% ಜನರಿಗೆ ಎ1 ಇತ್ತು, ಇಲ್ಲದವರಲ್ಲಿ 20% ಜನರಿಗೆ ಮಾತ್ರ. ಸುದ್ದಿ ಜಗತ್ತೆಲ್ಲ ಹಬ್ಬಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ತಂಡ ನೋಡಿದಾಗ ಅಂಥ ಸಂಬಂಧವೇ ಕಾಣಲಿಲ್ಲ. ಆಮೇಲೆ ವರ್ಷಗಟ್ಟಲೆ ಹೌದು-ಅಲ್ಲ ಜಗ್ಗಾಟ.

ಯಾಕೆ ಹೀಗೆ? 70 ಮಾದರಿ ತೀರಾ ಕಡಿಮೆ. ಅಲ್ಲದೆ ಎ1 ಎಷ್ಟು ಜನರಲ್ಲಿದೆ ಅನ್ನುವುದು ಜನಸಮುದಾಯದಿಂದ ಸಮುದಾಯಕ್ಕೆ ತುಂಬಾ ಬೇರೆ. ಎರಡು ಗುಂಪುಗಳ ಮೂಲ ಸ್ವಲ್ಪ ಬೇರೆಯಾದರೂ ಸಾಕು, ಕುಡಿತಕ್ಕೆ ಸಂಬಂಧವೇ ಇಲ್ಲದ ವ್ಯತ್ಯಾಸ ಎದ್ದು ಕಾಣುತ್ತದೆ.

ದೊಡ್ಡ ತಮಾಷೆ ಆಮೇಲೆ ಬಂತು. ಆ ಟ್ಯಾಕ್1 ಜಾಗ ಡಿಆರ್‌ಡಿ2 ಒಳಗೆ ಇಲ್ಲವೇ ಇಲ್ಲ! ಜೀನ್ ಮುಗಿದ ಮೇಲೆ ಸುಮಾರು 10,000 ಅಕ್ಷರ ಆಚೆ ಇದೆ. ಅದು ಪಕ್ಕದ ಎಎನ್‌ಕೆಕೆ1 ಅನ್ನುವ ಬೇರೆ ಜೀನ್‌ನೊಳಗಿದೆ ಅಂತ 2004ರಲ್ಲಿ ಗೊತ್ತಾಯಿತು. ಪಕ್ಕದ ಮನೆ ಗೇಟಿನ ಬಣ್ಣ ನೋಡಿ ಇವರ ಮನೆಯವರ ಸ್ವಭಾವ ಹೇಳಿದ ಹಾಗಾಗಿತ್ತು. ನೆರೆಮನೆ ಆದ್ದರಿಂದ ಸ್ವಲ್ಪ ಸುಳಿವು ಸಿಗಬಹುದು, ಅಷ್ಟಕ್ಕೆ ಕುಡಿತದ ಜೀನ್ ಅನ್ನುವುದು ಅತಿಯಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ: ಕುಡಿತದ ಚಟದಲ್ಲಿ ಅನುವಂಶೀಯತೆಯ ಪಾಲು ಇದೆ, ಅದು ನಿಜ. ಆದರೆ ಅದು ಅನೇಕ ಜೀನ್‌ಗಳಲ್ಲಿ ಚೂರು ಚೂರಾಗಿ ಹಂಚಿಹೋಗಿದೆ. ಎ1 ಇದೆಯೋ ಇಲ್ಲವೋ ಅಂತ ನೋಡಿ ನಿಮ್ಮ ನಾಳೆ ಹೇಳಲು ಯಾರಿಂದಲೂ ಆಗದು.

ಹಾಗಾದ್ರೆ ಸ್ಕಿಜೋಫ್ರೇನಿಯಾಕ್ಕೂ ಡಿ2 ಜೀನ್‌ಗೂ ಸಂಬಂಧ ಇಲ್ವಾ?

ಭ್ರಮೆಗಳು ಕಾಡುವ ಆ ಮಾನಸಿಕ ಕಾಯಿಲೆಗೂ ಇದಕ್ಕೂ ಸಂಬಂಧ ಇದೆ, ಆದರೆ ಸಣ್ಣದು. 2014ರಲ್ಲಿ 36,989 ರೋಗಿಗಳ ಜೀನೋಮ್ ಹೋಲಿಸಿದ ಅಧ್ಯಯನ 108 ಜಾಗಗಳನ್ನು ಗುರುತಿಸಿತು. ಡಿಆರ್‌ಡಿ2 ಪ್ರದೇಶ ಅವುಗಳಲ್ಲಿ ಒಂದು. ಅರವತ್ತು ವರ್ಷದಿಂದ ಮಾತ್ರೆಗಳು ಬೊಟ್ಟು ಮಾಡುತ್ತಿದ್ದ ಜೀನ್ ಪಟ್ಟಿಯಲ್ಲಿ ಕಂಡಾಗ ಈ ಕ್ಷೇತ್ರದವರಿಗೆ ಸಮಾಧಾನವಾಗಿದ್ದು ಸಹಜ. ಆದರೆ ಒಬ್ಬೊಬ್ಬ ವ್ಯಕ್ತಿಯ ಮಟ್ಟದಲ್ಲಿ ಅದರ ತೂಕ ತೀರಾ ಕಡಿಮೆ. ಇದನ್ನು ನೋಡಿ ಕಾಯಿಲೆ ಇದೆ, ಇಲ್ಲ ಅಂತ ಹೇಳುವ ಟೆಸ್ಟ್ ಇಲ್ಲ. ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ಡಿಆರ್‌ಡಿ2ನಲ್ಲಿ ಒಂದೇ ಅಕ್ಷರ ತಪ್ಪಿ ನೇರವಾಗಿ ರೋಗ ಬಂದದ್ದೇ ಇಲ್ವಾ?

ಬಲು ಅಪರೂಪ. 2021ರಲ್ಲಿ ಒಂದು ಕುಟುಂಬದ ವಿಷಯ ವರದಿಯಾಯಿತು. ಪ್ರೋಟೀನ್‌ನ 212ನೇ ಜಾಗದಲ್ಲಿ ಐಸೊಲ್ಯೂಸಿನ್ ಬದಲು ಫಿನೈಲ್‌ಅಲನಿನ್ ಬಂದು, ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುತ್ತಿತ್ತು. ಬೆಲ್ ಒತ್ತದೆಯೇ ಬಾರಿಸಿದ ಹಾಗೆ. ಅವರಿಗೆ ಬಂದದ್ದು ಕುಡಿತವೂ ಅಲ್ಲ, ಭ್ರಮೆಯೂ ಅಲ್ಲ. ಕೈಕಾಲು ತಾನಾಗಿ ಅಲುಗುವ, ತಿರುಚುವ ಚಲನೆಯ ಕಾಯಿಲೆ. ಕಾರ್ಲ್‌ಸನ್ ಮೊಲಗಳು ನೆನಪಾಗುತ್ತವೆ ಅಲ್ವಾ?

ವಾಂತಿಗೆ ಕೊಡೋ ಡೊಂಪೆರಿಡೋನ್ ಕೂಡ ಡಿ2ಗೇ ಅಂಟುತ್ತಂತೆ. ಹಾಗಾದ್ರೆ ಅದೂ ತಲೆಗೆ ಹೋಗುತ್ತಾ?

ಅಂಟುವುದು ನಿಜ. ಹ್ಯಾಲೊಪೆರಿಡಾಲ್ ಹೋಗಿ ಮುಚ್ಚುವ ಬೆಲ್ಲನ್ನೇ ಇದೂ ಮುಚ್ಚುತ್ತದೆ. ಆದರೆ ಮಿದುಳಿನ ರಕ್ತನಾಳಗಳಿಗೆ ಒಂದು ಬಿಗಿ ಕಾವಲಿದೆ, ಡೊಂಪೆರಿಡೋನ್ ಅದನ್ನು ದಾಟುವುದು ಕಡಿಮೆ. ವಾಂತಿ ಬರಿಸುವ ಕೇಂದ್ರದ ಒಂದು ಭಾಗ ಈ ಕಾವಲಿನ ಹೊರಗಿದೆ, ಅಲ್ಲಿ ಇದರ ಕೆಲಸ ನಡೆಯುತ್ತದೆ. ಹಾಗಂತ ಡಾಕ್ಟರ್ ಕೇಳದೆ ನುಂಗುವ ಮಾತ್ರೆ ಅಲ್ಲ. ಕೆಲವರಲ್ಲಿ ಹೃದಯದ ಬಡಿತದ ಲಯ ತಪ್ಪಿಸಬಲ್ಲದು.

ಕಾವಲಿನ ಹೊರಗಿರುವ ಇನ್ನೊಂದು ಜಾಗ ಪಿಟ್ಯುಟರಿ. ಅಲ್ಲಿ ಡಿ2 ಮೂಲಕ ಡೋಪಮೈನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಿಡಿದಿಟ್ಟಿರುತ್ತದೆ. ಬೆಲ್ ಮುಚ್ಚಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಈ ಮಾತ್ರೆ ತಗೊಂಡ ಕೆಲವರಿಗೆ ಬಾಣಂತಿಯಲ್ಲದಿದ್ದರೂ ಎದೆಹಾಲು ಬರುವುದು ಇದರಿಂದಲೇ. ಮನುಷ್ಯನ ಡಿ2 ಸಾಲು 1989ರಲ್ಲಿ ಸಿಕ್ಕಿದ್ದೂ ಇದೇ ಪಿಟ್ಯುಟರಿಯ ಲೈಬ್ರರಿಯಲ್ಲಿ.